ಎಡಗೈಯವಳ ಗಿಟಾರ್

ಗಿಟಾರ್ ಮಾಡಿಸಿಕೊಂಡ ವರ್ಷ ನನಗೆ ನೆಟ್ಟಗೆ ತಲೆ ಬಾಚಿಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ. ಅಜ್ಜಂಪುರದ ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಶಿವನಿಯ ಹುದ್ದೆ ಖಾಲಿ ಬಿದ್ದಿದ್ದರಿಂದ ಅದರ ಇನ್‌ಚಾರ್ಜೂ ನನ್ನ ತಲೆಗೇ ಬಂದಿತ್ತು. ಮನೆ ಮಾತ್ರ ಕಡೂರಿನಲ್ಲಿ. ಗಂಡನಿಗೆ ಅಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರುಗಳೆಲ್ಲ ಸುಟ್ಟುಕೊಂಡು ಅವರ ಅಂಗಡಿ ಮುಂದೆ ಸಾಲಾಗಿ ಮಲಗುತ್ತಿದ್ದವು, ನನ್ನ ಆಸ್ಪತ್ರೆ ಮುಂದೆ ದನಗಳು ನಿಂತ ಹಾಗೆ. ಮಗಳು ಎರಡನೇ ಕ್ಲಾಸು, ಮಗ ಬಾಗಿಲು ತೆರೆದಿದ್ದರೆ ಸಾಕು ಬೀದಿಗೆ ಓಡುವ ವಯಸ್ಸು. ಅತ್ತೆಗೆ ಕಣ್ಣಿನ ಪೊರೆ ತೆಗೆಸಿ, ಅವರು ಕಪ್ಪು ಕನ್ನಡಕ ಹಾಕಿಕೊಂಡು ಹಾಲ್‌ನಲ್ಲಿ ಕೂತು ಮನೆಯನ್ನೆಲ್ಲ ಆಳುತ್ತಿದ್ದರು.

ಬೆಳಿಗ್ಗೆ ಬೀರೂರಿನಲ್ಲಿ ರೈಲು ಹಿಡಿಯಬೇಕು, ಅಜ್ಜಂಪುರದಲ್ಲಿ ಇಳಿದು ಸ್ಕೂಟರ್ ಹತ್ತಬೇಕು, ಸಂಜೆ ಯಾವ ಬಸ್ಸು ಸಿಕ್ಕಿತೋ ಅದರಲ್ಲಿ ವಾಪಸ್ಸು. ಇದರ ಮೇಲೆ ಕಾಲುಬಾಯಿ ಜ್ವರದ ಲಸಿಕೆ ಶುರುವಾದರೆ ಹಳ್ಳಿ ಹಳ್ಳಿ ತಿರುಗಾಟ. ಅಂಥ ಒಂದು ಲಸಿಕೆಯ ಕಾಲದಲ್ಲಿಯೇ ತರೀಕೆರೆಯ ಡಾಕ್ಟರು ರಜೆ ಹಾಕಿದರು. ಒಂದು ವಾರ ಅಲ್ಲಿಗೂ ಹೋಗಿ ಬನ್ನಿ ಎಂದು ಮೇಲಿನವರು ಫೋನ್ ಮಾಡಿದಾಗ ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು "ಆಯ್ತು ಸರ್" ಅಂದೆ.

ತರೀಕೆರೆಯಲ್ಲಿ ಊರಾಚೆ ಒಂದು ಸಾಮಿಲ್ಲು. ಅವರ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಹಿಂದಿನ ಕೊಟ್ಟಿಗೆಯಲ್ಲಿ ಹಸುವಿಗೆ ಮದ್ದು ಮಾಡಿ ಕೈ ತೊಳೆದುಕೊಳ್ಳುತ್ತಿದ್ದೆ. ಗರಗಸ ಆಗಷ್ಟೇ ನಿಂತಿತ್ತು. ಆ ನಿಶ್ಶಬ್ದದೊಳಗೆ ಪಕ್ಕದ ಶೆಡ್ಡಿನಿಂದ ಯಾರೋ ಗಿಟಾರಿನ ತಂತಿ ಬಿಗಿಯುವ ಸದ್ದು ಬಂತು. ಸ್ವರ ಮೇಲೆ ಹತ್ತಿ ಹತ್ತಿ ತನ್ನ ಜಾಗಕ್ಕೆ ಬಂದು ಕೂತಿತು. ನನಗೆ ಗೊತ್ತಿಲ್ಲದೆಯೇ ಒದ್ದೆ ಕೈಯಲ್ಲೇ ಆ ಕಡೆ ನಡೆದೆ.

ಒಳಗೆ ಒಬ್ಬಳು ಹೆಂಗಸು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಚೂಡಿದಾರದ ಮೇಲೆ ಅಣ್ಣನದೋ ಅಪ್ಪನದೋ ಹಳೇ ಶರ್ಟು ಹಾಕಿಕೊಂಡು, ಕೂದಲ ತುಂಬ ಮರದ ಪುಡಿ ಮಾಡಿಕೊಂಡಿದ್ದಳು. ಗೋಡೆಯ ಮೇಲೆ ನಾಲ್ಕೈದು ಗಿಟಾರು, ಕೆಲವಕ್ಕೆ ಇನ್ನೂ ಕತ್ತಿಲ್ಲ. ಸಾಮಿಲ್ಲಿನ ಮನೆಯ ಮಗಳು ಅವಳು. ಗೋವಾದಲ್ಲಿ ಒಬ್ಬ ಗಿಟಾರ್ ಮಾಡುವವರ ಹತ್ತಿರ ವರ್ಷಗಟ್ಟಲೆ ಕಲಿತು ಬಂದಿದ್ದಳು.

"ಅಲ್ಲೇ ಇರ್ಬೋದಿತ್ತಲ್ಲ?" ಅಂದೆ.

"ಯಾಕಿರ್ಲಿ ಮೇಡಂ? ಮರ ಇರೋದು ನಮ್ಮಪ್ಪನ ಮಿಲ್ಲಲ್ಲಿ. ಕಲಿಯೋದು ಮುಗೀತು, ಬಂದೆ. ನುಡಿಸ್ತೀರಾ?"

"ಹಿಂದೆ ನುಡಿಸ್ತಿದ್ದೆ."

ಅವಳು ಒಂದನ್ನು ತೆಗೆದು ಕೊಟ್ಟಳು. ನಾನು ಅಭ್ಯಾಸದಂತೆ ಅದನ್ನು ಉಲ್ಟಾ ತಿರುಗಿಸಿ ಹಿಡಿದೆ. ನಾನು ಎಡಗೈಯವಳು. ಕಾಲೇಜಿನ ಹಾಸ್ಟೆಲ್ಲಿನಲ್ಲಿ ರೂಮಿನ ಗೆಳತಿಯ ಗಿಟಾರನ್ನು ಹೀಗೇ ತಲೆಕೆಳಗು ಮಾಡಿಕೊಂಡು ಕಲಿತವಳು. ದಪ್ಪ ತಂತಿ ಮೇಲಿರಬೇಕಾದ ಕಡೆ ನನಗೆ ಕೆಳಗಿರುತ್ತಿತ್ತು. ಪುಸ್ತಕದಲ್ಲಿದ್ದ ಬೆರಳಿನ ಹಿಡಿತಗಳು ಒಂದೂ ನನಗೆ ಹೊಂದುತ್ತಿರಲಿಲ್ಲ, ಎಲ್ಲವನ್ನೂ ನಾನೇ ಹೊಸದಾಗಿ ಹುಡುಕಿಕೊಂಡಿದ್ದೆ. ಕೆಲಸ, ಮದುವೆ, ಮಕ್ಕಳು ಅಂತ ಆಮೇಲೆ ಗಿಟಾರಿನ ಮುಖ ನೋಡಿರಲಿಲ್ಲ. ಆದರೂ ಆ ಶೆಡ್ಡಿನಲ್ಲಿ ಬೆರಳುಗಳು ತಾವಾಗಿಯೇ ಹೋಗಿ ಕೂತವು. ಹಾಸ್ಟೆಲ್ಲಿನಲ್ಲಿ ನಾನೇ ಕಟ್ಟಿಕೊಂಡಿದ್ದ ಒಂದು ಧಾಟಿ, ಅದಕ್ಕೆ ಹೆಸರೂ ಇಲ್ಲ, ಅರ್ಧ ಬಂತು. ಅಷ್ಟಕ್ಕೇ ಬೆರಳ ತುದಿ ಉರಿಯತೊಡಗಿತು.

ಅವಳು ನಗಲಿಲ್ಲ. ಹಣೆ ಗಂಟಿಕ್ಕಿಕೊಂಡು ನೋಡುತ್ತಿದ್ದಳು. "ಇಷ್ಟು ದಿನ ಬೇರೆಯವ್ರ ಚಪ್ಲಿ ಹಾಕ್ಕೊಂಡು ಓಡಾಡ್ಬಿಟ್ಟಿದೀರ ಮೇಡಂ ನೀವು," ಅಂದಳು. "ನಿಮ್ಗೊಂದು ನಿಮ್ದೇ ಮಾಡ್ಕೊಡ್ತೀನಿ. ತಂತಿ ಅದ್ಲುಬದ್ಲು ಮಾಡಿದ್ರೆ ಸಾಲಲ್ಲ. ಒಳ್ಗಡೆ ಹಲಗೆಗೆ ಆಧಾರಕ್ಕಿರೋ ಪಟ್ಟಿಗಳನ್ನೂ ಕನ್ನಡೀಲಿ ಕಂಡಂಗೆ ತಿರುಗಿಸಿ ಕೂರಿಸ್ಬೇಕು."

ನಾನು ಯೋಚನೆ ಮಾಡಿದೆನೆಂದು ಹೇಳಿದರೆ ಸುಳ್ಳು. "ಮಾಡಿ," ಅಂದುಬಿಟ್ಟೆ. ಸೀರೆ, ಚಿನ್ನ, ಸ್ಕೂಟರು, ಯಾವುದನ್ನೂ ನಾನು ಹಾಗೆ ಒಂದೇ ಮಾತಿಗೆ ಕೊಂಡಿರಲಿಲ್ಲ.

ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ಹೇಳಿದೆ. ಗಂಡ ತುತ್ತು ನಿಲ್ಲಿಸಿ "ಯಾವಾಗ ನುಡಿಸ್ತೀಯೇ?" ಅಂದರು. ಕೊಂಕು ಇರಲಿಲ್ಲ, ನಿಜವಾಗಿಯೂ ಅವರಿಗೆ ತಿಳಿಯಬೇಕಿತ್ತು. ಅತ್ತೆ ಕಪ್ಪು ಕನ್ನಡಕದೊಳಗಿಂದ ನನ್ನ ಕಡೆ ತಿರುಗಿ, "ಮಕ್ಳು ಮಲಗಿದ್ಮೇಲೆ ನಿಂಗೆ ನಿದ್ದೆ ಬಂದಿರ್ತದೆ, ನಿಂಗೆ ಎಚ್ಚರ ಇದ್ದಾಗ ಮಕ್ಳು ಎದ್ದಿರ್ತವೆ. ಗೂಟಕ್ಕೆ ನೇತಾಕಕ್ಕೆ ತರ್ತೀಯೇನವ್ವಾ?" ಅಂದರು. ಮಗಳೊಬ್ಬಳೇ ತಟ್ಟೆ ಬಿಟ್ಟು ಎದ್ದು ಬಂದು "ಅಮ್ಮಾ, ಕೆಂಪು ಕಲರ್ದು ತಗೋ" ಎಂದು ನನ್ನ ಪರವಾಗಿ ನಿಂತಳು.

ಅಜ್ಜಂಪುರದಿಂದ ತರೀಕೆರೆಗೆ ಬಸ್ಸಿದೆ, ಅಲ್ಲಿಂದ ಕಡೂರಿಗೆ ಬೇರೆ ಬಸ್ಸು. ಮನೆಗೆ ಹೋಗುವುದಕ್ಕೆ ಅದು ಸುತ್ತು ದಾರಿ. ಆದರೂ ಸಂಜೆ ಬೇಗ ಕೆಲಸ ಮುಗಿದ ದಿನ ನಾನು ಆ ಸುತ್ತು ಹಾಕತೊಡಗಿದೆ. ಮೊದಲ ಸಲ ಹೋದಾಗ ಅವಳು ಹಲಗೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನನಗೆ ಕೇಳಿಸಿದಳು. ಹಿಂಭಾಗಕ್ಕೆ, ಪಕ್ಕಗಳಿಗೆ ಹಲಸು ಎಂದು ಇಬ್ಬರೂ ಒಪ್ಪಿದೆವು. ವೀಣೆಗೆ ಆಗುವ ಮರ ಗಿಟಾರಿಗೆ ಯಾಕಾಗಬಾರದು ಎಂಬುದು ಅವಳ ವಾದ. ಮೇಲಿನ ಹಲಗೆಗೆ ಹೊರದೇಶದ ತಿಳಿ ಬಣ್ಣದ ಮರ, ಬೆರಳು ಓಡುವ ಪಟ್ಟಿಗೆ ಅವರ ಮನೆಯ ಮುರಿದ ಮಂಚದ ಬೀಟೆ. ಇನ್ನೊಂದು ಸಲ ಹೋದಾಗ ಹಲಸಿನ ಪಟ್ಟಿಗಳು ಬಿಸಿ ಕೊಳವೆಯ ಮೇಲೆ ಬಾಗಿ ಸೊಂಟದ ಆಕಾರಕ್ಕೆ ಬಂದಿದ್ದವು. ಹಳದಿ ಮರ, ಅರಿಸಿನ ಹಚ್ಚಿದ ಹಾಗೆ. ನಾನು ಅದನ್ನು ಮುಟ್ಟಿ ಮುಟ್ಟಿ ನೋಡಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಕಡೂರಿನವರೆಗೂ ನಿಂತೇ ಬಂದೆ. ಕಾಲು ನೋಯುತ್ತಿದೆ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಕತ್ತು ಕೆತ್ತುವುದೊಂದು ಬಾಕಿ ಇತ್ತು, ಆಗ ಕೈಗೆ ಪೆಟ್ಟು ಬಿತ್ತು.

ಶಿವನಿಯ ಹತ್ತಿರದ ಒಂದು ಹಳ್ಳಿಯಿಂದ ಬೆಳಿಗ್ಗೆಯೇ ಫೋನು. ಚೊಚ್ಚಲ ಹಸು, ಕರು ಹಾಕಲಾರದೆ ಒದ್ದಾಡುತ್ತಿದೆ. ಹೋಗಿ ಕೈ ಹಾಕಿ ನೋಡಿದರೆ ಕರುವಿನ ಕತ್ತು ಹಿಂದಕ್ಕೆ ತಿರುಗಿಕೊಂಡಿದೆ. ಬಲಗೈಯಲ್ಲಿ ಕೊಟ್ಟಿಗೆಯ ಕಂಬ ಹಿಡಿದು, ಎಡಗೈಯನ್ನು ಭುಜದವರೆಗೂ ಒಳಗೆ ಹಾಕಿ ಮೂತಿಗಾಗಿ ತಡಕಾಡುತ್ತಿದ್ದೆ. ಮೂತಿ ಸಿಕ್ಕಿತು. ಅದೇ ಹೊತ್ತಿಗೆ ಹಸು ನೋವಿಗೆ ಪಕ್ಕಕ್ಕೆ ವಾಲಿ ಇಡೀ ಮೈಭಾರವನ್ನು ಕಂಬದ ಮೇಲೆ ಹಾಕಿತು. ಕಂಬಕ್ಕೂ ಹಸುವಿನ ಸೊಂಟಕ್ಕೂ ನಡುವೆ ನನ್ನ ಬಲಗೈ. ಏನೋ ಕಳಕ್ ಎಂದದ್ದು ಕಿವಿಗೆ ಕೇಳಿಸಿತು, ನೋವು ಆಮೇಲೆ ಬಂತು.

"ಬಿಟ್ಬಿಡಿ ಡಾಕ್ಟ್ರಮ್ಮಾ, ನಿಮ್ ಕೈ ನೋಡ್ಕಳಿ!" ಎಂದು ಹಸುವಿನ ಯಜಮಾನ ಕೂಗಿದ.

"ಹಸೂನ ಆ ಕಡೆ ತಳ್ಳಪ್ಪಾ ಮೊದ್ಲು! ಮೂತಿ ಸಿಕ್ಕೈತೆ, ಈಗ ಬಿಟ್ರೆ ಮತ್ತೆ ಸಿಗಲ್ಲ."

ಅವನು ಹೆಗಲು ಕೊಟ್ಟು ತಳ್ಳಿದ. ನಾನು ಬಲಗೈಯನ್ನು ಬಿಡಿಸಿಕೊಂಡು ಎದೆಗೆ ಅವುಚಿಕೊಂಡೆ. ಎಡಗೈ ಒಂದರಲ್ಲೇ ಮೂತಿಯನ್ನು ಎಳೆದು ನೇರ ಮಾಡಿದೆ, ಮುಂಗಾಲಿಗೆ ಹಗ್ಗ ಕಟ್ಟುವುದನ್ನು ಅವನಿಗೆ ಹೇಳಿಕೊಟ್ಟೆ, ಅವನು ಎಳೆದ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಸೀನಿತು, ತಲೆ ಒದರಿತು. ಹಸು ತಿರುಗಿ ಅದನ್ನು ನೆಕ್ಕತೊಡಗಿತು. ಆ ಮನೆಯ ಅಜ್ಜಿ ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟರು. ಅದನ್ನು ಚೀಪುತ್ತ ನನ್ನ ಬಲಗೈ ನೋಡಿಕೊಂಡೆ. ಉಂಗುರದ ಬೆರಳು ಯಾವ ಕಡೆ ತಿರುಗಬಾರದೋ ಆ ಕಡೆ ತಿರುಗಿತ್ತು.

ಕಡೂರಿನಲ್ಲಿ ಎಕ್ಸ್‌ರೇ ತೆಗೆಸಿ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡೆ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಗೆಣ್ಣು ಮೊದಲಿನಷ್ಟು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಕೆಲಸಕ್ಕೇನೂ ತೊಂದರೆ ಇಲ್ಲವಲ್ಲ, ನಿಮ್ಮದು ಎಡಗೈ ತಾನೆ, ಎಂದು ಸಮಾಧಾನವನ್ನೂ ಹೇಳಿದರು. ಅವರಿಗೆ ಗೊತ್ತಿರಲಿಲ್ಲ. ಎಡಗೈಯವರು ಎಡಗೈಯಲ್ಲಿ ತಂತಿ ಮೀಟುತ್ತಾರೆ, ಸ್ವರ ಹಿಡಿಯುವುದು ಬಲಗೈ. ಆ ಉಂಗುರದ ಬೆರಳಿಲ್ಲದೆ ನನ್ನ ಹಿಡಿತಗಳಲ್ಲಿ ಅರ್ಧಕ್ಕರ್ಧ ಇಲ್ಲ. ಆಸ್ಪತ್ರೆಯಿಂದ ಹೊರಗೆ ಬಂದು, ಗಂಡನ ಬೈಕಿನ ಹಿಂದೆ ಕೂತು, ಅವರ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ನೋವಿಗೆ ಅಳುತ್ತಿದ್ದೇನೆಂದು ಅವರು ಬೈಕನ್ನು ನಿಧಾನ ಮಾಡಿದರು.

ಮಾರನೆಯ ದಿನ ತರೀಕೆರೆಗೆ ಫೋನ್ ಮಾಡಿದೆ. "ಗಿಟಾರ್ ನಿಲ್ಲಿಸ್ಬಿಡಿ. ಬೇರೆ ಯಾರಿಗಾದ್ರೂ ಕೊಟ್ಬಿಡಿ."

ಅವಳು ಸಿಟ್ಟಿನಿಂದಲೇ ಶುರು ಮಾಡಿದಳು: "ಎಡಗೈಯವ್ರ ಗಿಟಾರನ್ನ ಈ ಜಿಲ್ಲೇಲಿ ಯಾರಿಗ್ ಕೊಡ್ಲಿ ನಾನು? ಮುರಿದಿರೋದು ನಿಮ್ ಬೆರಳು. ಗಿಟಾರಿನ್ ಕತ್ತು ಇನ್ನೂ ಕೆತ್ತೇ ಇಲ್ಲ. ಪಟ್ಟಿ ಬಿಚ್ಚಿದ ದಿನ ಹೇಳಿ, ಬತ್ತೀನಿ."

ಬಂದೇ ಬಂದಳು. ಪಟ್ಟಿ ಬಿಚ್ಚಿ ನಾನು ಕೆಲಸಕ್ಕೆ ಹಾಜರಾದ ವಾರದಲ್ಲಿ, ಅಜ್ಜಂಪುರದ ಆಸ್ಪತ್ರೆಯ ಮುಂದೆ ಅವಳ ಸ್ಕೂಟರ್ ನಿಂತಿತು. ಅಂಗಳದ ತುಂಬ ಮೇಕೆ, ಎಮ್ಮೆ, ಒಂದು ಟಗರು. ಅವಳು ಅವುಗಳ ನಡುವೆ ದಾರಿ ಮಾಡಿಕೊಂಡು ಬಂದು, ಚೀಲದಿಂದ ಒದ್ದೆ ಬಟ್ಟೆ ಸುತ್ತಿದ ಒಂದು ಕೋಲು ತೆಗೆದಳು. ಕೋಲಿಗೆ ಜೇಡಿಮಣ್ಣು ಮೆತ್ತಿತ್ತು.

"ಹಿಡ್ಕಳಿ. ಬಿಗಿಯಾಗ್ ಬೇಡ. ಮಗೂನ್ ಕೈ ಹಿಡ್ಕೊಂಡ್ ರಸ್ತೆ ದಾಟ್ಸಲ್ವಾ, ಹಂಗೆ."

ಹಿಡಿದುಕೊಂಡೆ. ಮುರಿದ ಬೆರಳು ಉಳಿದವಕ್ಕಿಂತ ಎತ್ತರದಲ್ಲೇ ನಿಂತಿತು, ಎಷ್ಟು ಒತ್ತಿದರೂ ಬಾಗಲೊಲ್ಲದು. ಅವಳು ನನ್ನ ಹೆಬ್ಬೆರಳನ್ನು ಸ್ವಲ್ಪ ಕೆಳಗೆ ಸರಿಸಿದಳು, ಮಣಿಕಟ್ಟನ್ನು ಮುಂದಕ್ಕೆ ತಂದಳು. ಆಗ ಆ ಬೆರಳ ತುದಿ ತಾನಾಗಿ ಮಣ್ಣಿಗೆ ತಾಗಿತು. ಟಗರಿನ ಯಜಮಾನ ಇಷ್ಟನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು, "ಏನ್ ಮೇಡಮ್ಮೋರೆ, ಕೈಗೆ ಅಚ್ಚು ತೆಗೀತಾವ್ರಾ? ಹೊಸ ಕೈ ಹಾಕ್ತಾರಾ?" ಅಂದ.

"ಕೈ ಇದೇ ಕಣಪ್ಪ," ಅಂದಳು ಅವಳು, ನನ್ನ ಬೆರಳಿನಿಂದ ಕಣ್ಣು ತೆಗೆಯದೆ. "ಹೊಸಾದು ಬೇರೆ ಮಾಡ್ತಿದೀವಿ."

ಮಣ್ಣಿನಲ್ಲಿ ಮೂಡಿದ ನನ್ನ ಹಿಡಿತವನ್ನು ಅವಳು ಜೋಪಾನವಾಗಿ ಡಬ್ಬಿಗೆ ಹಾಕಿಕೊಂಡಳು. ಕತ್ತನ್ನು ಒಂದು ಕಡೆ ತೆಳ್ಳಗೆ ಮಾಡುತ್ತೇನೆ, ತಂತಿಗಳನ್ನು ಆದಷ್ಟೂ ಕೆಳಗೆ ಕೂರಿಸುತ್ತೇನೆ, ಬೆರಳನ್ನು ಅರ್ಧ ಮಡಚಿದರೂ ಸ್ವರ ಸಿಗುತ್ತದೆ ಎಂದಳು. "ಆದ್ರೆ ಆ ಅರ್ಧನಾದ್ರೂ ಮಡಚೋ ಹಂಗೆ ನೀವ್ ಮಾಡ್ಕೋಬೇಕು ಡಾಕ್ಟ್ರೇ. ಅದ್ ನನ್ ಕೈಲಾಗಲ್ಲ."

ಆ ಕೆಲಸವನ್ನು ವಹಿಸಿಕೊಂಡವರು ಅತ್ತೆ. ಗಿಟಾರಿಗಾಗಿ ಅಂತ ಅವರು ಒಪ್ಪಿಕೊಳ್ಳಲಿಲ್ಲ, ಬೆರಳಿಗಾಗಿ ಅಂದರು. ದಿನಾ ಸಂಜೆ ಮುದ್ದೆ ಕಟ್ಟುವುದು ನನ್ನ ಪಾಲಿಗೆ ಬಂತು, ಅದೂ ಬಲಗೈಯಲ್ಲಿ. ಬಿಸಿ ಹಿಟ್ಟು ತಟ್ಟೆಯಲ್ಲಿ ಹಬೆಯಾಡುತ್ತಿದ್ದರೆ ಅವರು ಪಕ್ಕದಲ್ಲಿ ಕೂತು, "ಒತ್ತು, ಒತ್ತು. ಆ ಬೆಳ್ಳುನ್ನ ಯಾಕೆ ಮದುಮಗಳಂಗೆ ದೂರ ಇಟ್ಕಂಡಿದೀಯಾ? ಅದುನ್ನೂ ಸೇರ್ಸು," ಎಂದು ಗದರುತ್ತಿದ್ದರು. ಮೊದಮೊದಲು ಮುದ್ದೆಗಳು ಕಲ್ಲಿನ ಹಾಗೆ ಅಡ್ಡಾದಿಡ್ಡಿಯಾಗಿರುತ್ತಿದ್ದವು, ಮಗಳು ಅದಕ್ಕೆ ಆಮೆ, ಮೊಲ ಎಂದು ಹೆಸರಿಡುತ್ತಿದ್ದಳು. ಬಿಸಿಗೆ ಗೆಣ್ಣು ಸಡಿಲವಾಗುತ್ತ ಬಂತು. ಯುಗಾದಿ ಹತ್ತಿರ ಬರುವ ಹೊತ್ತಿಗೆ ಬೆರಳು ಅರ್ಧ ದಾಟಿ ಇನ್ನೂ ಸ್ವಲ್ಪ ಬಾಗುತ್ತಿತ್ತು. ಮುದ್ದೆಯೂ ಗುಂಡಗಾಗಿತ್ತು.

ಗಿಟಾರ್ ತರಲು ಹೋದ ದಿನ ಭಾನುವಾರ. ಗಂಡ ಅಂಗಡಿಗೆ ಬಾಗಿಲು ಹಾಕಿದರು. ಬೇಸಿಗೆಯಲ್ಲಿ ಅವರು ಅಂಗಡಿಗೆ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದು ಆವತ್ತೇ. ಎಲ್ಲರೂ ಹೊರಟೆವು, ಅತ್ತೆಯೂ. ತರೀಕೆರೆಯ ಶೆಡ್ಡಿನಲ್ಲಿ ಅವಳು ಒಂದು ಬಿಳಿ ಪಂಚೆ ಸರಿಸಿ ಅದನ್ನು ತೋರಿಸಿದಳು. ಕೆಂಪು ಇಲ್ಲದ್ದಕ್ಕೆ ಮಗಳ ಮುಖ ಒಂದು ಕ್ಷಣ ಬಾಡಿತು, ಆದರೆ ಹಲಸಿನ ಹಳದಿ ಮೆರುಗಿನಲ್ಲಿ ಕಿಟಕಿಯ ಬೆಳಕು ಹೊಳೆದದ್ದು ನೋಡಿ ಅವಳೇ "ಜೇನುತುಪ್ಪದ್ ಥರ ಇದೆ" ಅಂದಳು. ಪಕ್ಕದಲ್ಲಿ ಗರಗಸ ಕಿರುಚುತ್ತಿತ್ತು. ಗಿಟಾರ್ ಮಾಡಿದವಳು ಬಾಗಿಲಿಗೆ ಹೋಗಿ, "ಅಣ್ಣಾ, ಮಿಲ್ ನಿಲ್ಸೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಮಿಲ್ಲು ನಿಂತಿತು. ಕೆಲಸದವರೂ ಬಂದು ಬಾಗಿಲಲ್ಲಿ ನಿಂತರು.

ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಲ್ಟಾ ತಿರುಗಿಸಬೇಕಾಗಿರಲಿಲ್ಲ. ದಪ್ಪ ತಂತಿ ಮೇಲೆಯೇ ಇತ್ತು, ಲೋಕದಲ್ಲಿ ಎಲ್ಲರಿಗೂ ಇರುವ ಹಾಗೆ. ಕತ್ತಿಗೆ ಕೈ ಹಾಕಿದರೆ, ಹೆಬ್ಬೆರಳು ಎಲ್ಲಿ ಕೂರಬೇಕೋ ಅಲ್ಲೇ ಒಂದು ಸಣ್ಣ ಇಳುಕಲು. ಬೆರಳುಗಳನ್ನು ಇಟ್ಟೆ. ಉಂಗುರದ ಬೆರಳು ತನ್ನ ತಂತಿಯ ಮೇಲೆ ಹೋಗಿ ನಿಂತಿತು. ಎಡಗೈಯಿಂದ ಒಂದೇ ಸಲ ಮೀಟಿದೆ.

ಆ ನಾದ ನನ್ನ ಎದೆಗೆ ಮೊದಲು ತಾಗಿತು, ಕಿವಿಗೆ ಆಮೇಲೆ. ಒಂದು ತಂತಿಯೂ ಮಂಕಾಗಿರಲಿಲ್ಲ. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. "ಬಂತು ಕಣ್ರೀ ಡಾಕ್ಟ್ರೇ, ಬಂದ್ಬಿಡ್ತು!" ಎಂದು ಕುಣಿದಳು. ನಾನೂ ನಕ್ಕೆ, ನಗುನಗುತ್ತಲೇ ಇನ್ನೊಂದು ಸಲ ಮೀಟಿದೆ, ಮತ್ತೊಂದು ಸಲ.

ಆಮೇಲೆ ನುಡಿಸುವುದಕ್ಕೆ ಹೊತ್ತು ಹೇಗೆ ಸಿಕ್ಕಿತು ಎಂದು ಈಗಲೂ ಕೆಲವರು ಕೇಳುತ್ತಾರೆ. ಸಿಗಲಿಲ್ಲ, ಕಿತ್ತುಕೊಂಡೆ. ಗಿಟಾರನ್ನು ಪೆಟ್ಟಿಗೆಯಲ್ಲಿಡದೆ ಹಾಲ್‌ನಲ್ಲೇ ಇಟ್ಟೆ. ಕುಕ್ಕರ್ ಕೂಗುವ ಮಧ್ಯೆ ನುಡಿಸಿದೆ, ಮಗಳು ಮಗ್ಗಿ ಒಪ್ಪಿಸುತ್ತಿದ್ದರೆ ಅದರ ತಾಳಕ್ಕೇ ಮೀಟಿದೆ. ಮಗ ತಂತಿಗೆ ಕೈ ಹಾಕಿದರೆ ಅದನ್ನೂ ಸೇರಿಸಿಕೊಂಡೆ. ಹಾಸ್ಟೆಲ್ಲಿನ ಅರ್ಧ ಧಾಟಿ ಹೀಗೆ ಚೂರು ಚೂರಾಗಿ ಬೆಳೆದು ಒಂದು ಪೂರ್ತಿ ತುಣುಕಾಯಿತು. ಗಟ್ಟಿ ಬೆರಳಿಗೆ ಆಗದ ಕಡೆ ದಾರಿ ಬದಲಿಸಿದೆ. ಬದಲಿಸಿದ ಕಡೆಯೇ ಅದು ಹೆಚ್ಚು ಚೆನ್ನಾಗಿತ್ತು.

ಮಳೆಗಾಲ ಕಳೆದ ಮೇಲೆ ಅಜ್ಜಂಪುರ ತಾಲ್ಲೂಕಿನ ಸರ್ಕಾರಿ ನೌಕರರಿಗೆ ಸಾಂಸ್ಕೃತಿಕ ಸ್ಪರ್ಧೆ ಇಟ್ಟಿದ್ದರು. ಹೊಸ ತಾಲ್ಲೂಕು, ಎಲ್ಲರಿಗೂ ಹುರುಪು. ಹೆಸರು ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಎತ್ತಿ ಹಿಡಿದು, "ಗಿಟಾರ್ ಯಾವ್ದ್ರಲ್ ಹಾಕ್ಲಿ ಮೇಡಂ? ಶಾಸ್ತ್ರೀಯನೂ ಅಲ್ಲ, ಜಾನಪದನೂ ಅಲ್ಲ," ಎಂದು ತಲೆ ಕೆರೆದುಕೊಂಡರು.

"ವಾದ್ಯ ಅಂತ ಹಾಕಿ ಸಾರ್."

ಆ ದಿನ ಬೆಳಿಗ್ಗೆಯೂ ಲಸಿಕೆಯ ಕೆಲಸವಿತ್ತು. ಮುಗಿಸಿ ಓಡಿ ಬಂದಾಗ ನನ್ನ ಸೀರೆಗೆ ಫಿನಾಯಿಲ್ ವಾಸನೆ. ಮನೆಯವರೆಲ್ಲ ಆಗಲೇ ಕಡೂರಿನಿಂದ ಬಂದು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ನನಗಿಂತ ಮೊದಲು ಕಂದಾಯ ಇಲಾಖೆಯವರೊಬ್ಬರು ಕೊಳಲು ನುಡಿಸಿದರು, ಶಿಕ್ಷಕರೊಬ್ಬರು ತಬಲಾ. ಇಬ್ಬರೂ ಪಳಗಿದ ಕೈಗಳು. ವೇದಿಕೆ ಹತ್ತಿ ಕುರ್ಚಿಯ ಮೇಲೆ ಕೂತಾಗ ಯಾರೋ "ಮೇಡಂ ಉಲ್ಟಾ ಹಿಡ್ಕೊಂಡವ್ರೆ" ಅಂದದ್ದು ಮೈಕಿನಲ್ಲೂ ಕೇಳಿಸಿತು. ಸಭೆ ನಕ್ಕಿತು. ನಾನು ಮೈಕಿಗೆ ಬಾಗಿ, "ಉಲ್ಟಾ ಅಲ್ಲ, ನನ್ಗೆ ಇದೇ ಸೀದಾ," ಅಂದೆ. ಈ ಸಲ ನಗುವಿನ ಜೊತೆ ಚಪ್ಪಾಳೆಯೂ ಬಂತು.

ನುಡಿಸತೊಡಗಿದೆ. ನಿಧಾನವಾಗಿ ಶುರುವಾಗಿ, ನಡುವೆ ರೈಲಿನ ಓಟದಂತೆ ವೇಗ ಹಿಡಿಯುವ ತುಣುಕು ಅದು. ವೇಗ ಏರುವ ಕಡೆ ಉಂಗುರದ ಬೆರಳು ಬೀಟೆಯ ಪಟ್ಟಿಯ ಉದ್ದಕ್ಕೂ ಓಡಬೇಕು. ಓಡಿತು. ಒಂದು ಸ್ವರವೂ ಜಾರಲಿಲ್ಲ. ಮೊದಲ ಸಾಲಿನಲ್ಲಿದ್ದವರ ಕಾಲುಗಳು ತಾಳ ಹಾಕುತ್ತಿರುವುದು ಕಂಡಿತು, ಕೊನೆಯ ಸಾಲಿನ ಗುಸುಗುಸು ನಿಂತಿತು. ನಾನು ಆಗ ಡಾಕ್ಟರಲ್ಲ, ತಾಯಿಯಲ್ಲ, ಇನ್‌ಚಾರ್ಜೂ ಅಲ್ಲ. ಕೊನೆಯ ಮೀಟು ಮೀಟಿ ಕೈ ಎತ್ತಿದಾಗ ಇಡೀ ಸಭಾಂಗಣ ಒಟ್ಟಿಗೆ ಚಪ್ಪಾಳೆ ತಟ್ಟಿತು. ತರೀಕೆರೆಯಿಂದ ಬಂದು ಕೂತಿದ್ದ ಅವಳು ಕುರ್ಚಿಯ ಮೇಲೆ ಹತ್ತಿ ನಿಂತು ಸಿಳ್ಳೆ ಹೊಡೆದಳು. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಹಿಂದಿನಿಂದ ಕೂಗು ಎದ್ದಿತು. ತೀರ್ಪುಗಾರರು ಕೈ ಸನ್ನೆಯಿಂದಲೇ ನುಡಿಸಿ ಎಂದರು. ಸ್ಪರ್ಧೆಯಲ್ಲಿ ಎರಡು ಸಲ ನುಡಿಸಿದವಳು ಆವತ್ತು ನಾನೊಬ್ಬಳೇ. ವಾದ್ಯದಲ್ಲಿ ಮೊದಲ ಬಹುಮಾನ ನನಗೇ ಬಂತು.

ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಎಲ್ಲರೂ ನಿಂತು ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಗಂಡ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಯಾರೂ ಕೇಳದಿದ್ದರೂ ಅಂಗಡಿಯವನಿಗೆ ಅದರ ಮರ ಯಾವುದು ಎಂದು ವಿವರಿಸುತ್ತಿದ್ದರು. ಗಿಟಾರ್ ಮಾಡಿದವಳು ಖಾರಕ್ಕೆ ಕಣ್ಣೀರು ಸುರಿಸುತ್ತ, "ಇನ್ನೊಂದ್ಸಲ ಅಂತ ಮೊದ್ಲು ಕೂಗಿದ್ದು ಯಾರೋ ಏನೋ, ಅವ್ರಿಗೊಂದು ಥ್ಯಾಂಕ್ಸ್ ಹೇಳ್ಬೇಕು," ಅಂದಳು.

ಅತ್ತೆ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಯಾರ್ ಕೂಗ್ತಾರೆ," ಅಂದರು, "ನಾನೇ ಕೂಗಿದ್ದು ಕಣವ್ವ."